ರೋಮಿನಲ್ಲೊಂದು ಅಗ್ಗದ ರೂಮು

ನಾವಿರುವುದು ದುಬೈನ ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿ ಕಟ್ಟಡಗಳ ಗುಂಪುಗಳಿಗೆ ದೇಶದೇಶಗಳ ಹೆಸರು. ನಮ್ಮದು ಇಟಲಿ. ಬಾಲ್ಕನಿಗೆ ಬಂದರೆ ಎದುರಿಗೆ ಯಾರದೋ ಒಣಗುವ ಲುಂಗಿ, ಕೆಳಗೆ ಬಸ್ಸಿಗೆ ಕಾದು ನಿಂತ ಜನ. ಆದರೂ ವಿಳಾಸ ಇಟಲಿ!

"ಇಷ್ಟು ವರ್ಷ ಇಟಲಿಯೊಳಗ ಸಂಸಾರ ಮಾಡೇನಿ. ಒಮ್ಮೆ ಖರೇ ಇಟಲಿ ತೋರಸ್ರಿ" ಎಂದಳು ನನ್ನ ಹೆಂಡತಿ ಗಿರಿಜಾ.

ನ್ಯಾಯವಾದ ಬೇಡಿಕೆ. ಪ್ರತಿ ರಜೆಯಲ್ಲೂ ಧಾರವಾಡಕ್ಕೆ ಹೋಗಿ, ಯಾರದೋ ಮದುವೆಯಲ್ಲಿ ಬಡಿಸಿ, ಸುಸ್ತಾಗಿ ವಾಪಸು ಬರುತ್ತಿದ್ದವಳು. ತನಗಾಗಿ ಒಂದು ರಜೆ ಕೇಳಿದ್ದು ಅದೇ ಮೊದಲು. ಆದಕಾರಣ ಪ್ರವಾಸದ ಸಕಲ ಜವಾಬ್ದಾರಿಯನ್ನೂ ನಾನೇ ಹೊರುವುದಾಗಿ ಘೋಷಿಸಿದೆ. ಅನಾಹುತ ಶುರುವಾದದ್ದು ಅಲ್ಲಿಂದ!

ಪಕ್ಕದ ಫ್ಲ್ಯಾಟಿನ ಇಬ್ರಾಹಿಂ ಮಂಗಳೂರಿನ ಕಡೆಯವರು, ಬಟ್ಟೆ ವ್ಯಾಪಾರಿ. ಅವರು ಮೊದಲೇ ಎಚ್ಚರಿಸಿದರು. "ಹಿರೇಮಠ್ರೇ, ಟ್ರಾವೆಲ್ಸಿನವರಿಗೆ ಕೊಟ್ಟುಬಿಡಿ ಮಾರಾಯ್ರೆ. ಎಲ್ಲ ಅವರೇ ಮಾಡ್ತಾರೆ. ಖಲಾಸ್!"

"ಏನೂ ಬ್ಯಾಡ್ರಿ ಭಾಯ್. ಇಂಟರ್‌ನೆಟ್ ಐತಿ, ನನಗ ತಲಿ ಐತಿ."

"ಇಂಟರ್‌ನೆಟ್ ಉಂಟು, ಅದು ಗೊತ್ತು" ಎಂದರು ಇಬ್ರಾಹಿಂ.

ಆಫೀಸಿನಲ್ಲಿ ಊಟದ ಬಿಡುವಿನಲ್ಲೆಲ್ಲ ಕಂಪ್ಯೂಟರಿನ ಮುಂದೆ ಕೂತು ರೋಮಿನ ಹೋಟೆಲುಗಳನ್ನು ಜಾಲಾಡಿದೆ. ಅವರು ಹೇಳುವ ಬಾಡಿಗೆ ನೋಡಿದರೆ ಮಂಚವನ್ನೂ ಮನೆಗೆ ಕೊಟ್ಟು ಕಳಿಸುತ್ತಾರೇನೋ ಅನಿಸುತ್ತಿತ್ತು. ಕೊನೆಗೆ ಸಿಕ್ಕಿತು! ಕ್ರೈಸ್ತ ಸನ್ಯಾಸಿನಿಯರು ನಡೆಸುವ ಕಾನ್ವೆಂಟ್. ಊರ ನಡುವೆ, ಸ್ವಚ್ಛ ಕೋಣೆ, ಕೈಗೆಟಕುವ ಬಾಡಿಗೆ. ಸಂಜೆ ಮನೆಯಲ್ಲಿ ಆ ಪುಟವನ್ನು ತೆರೆದು ತೋರಿಸಿದೆ.

"ಕಾನ್ವೆಂಟ್ ಅಂದ್ರ ಸಾಲಿ ಅಲ್ಲೇನ್ರೀ? ಬೆಂಚಿನ ಮ್ಯಾಲ ಮಲಗಬೇಕೇನು?" ಗಿರಿಜಾ ಗಾಬರಿಯಾದಳು.

"ಅದು ಮಠ ಇದ್ದಂಗ. ಬಂದ ಭಕ್ತರಿಗೆ ಮಠದಾಗ ಜಾಗ ಕೊಡೂದಿಲ್ಲೇನು? ನೋಡಿಲ್ಲೆ, ದಪ್ಪ ಅಕ್ಷರದಾಗ ಬರದಾರ: 'ಸೋಲೋ ದೊನ್ನೆ'. ದೊನ್ನೆ ಐತಿ ಅಂದ್ರ ಊಟಾನೂ ಐತಿ!"

ಮಗಳು ಸ್ನೇಹಾ ಹಿಂದಿನಿಂದ ಇಣುಕಿದಳು. "ಪಪ್ಪಾ, ಯು ಶುಡ್ ಟ್ರಾನ್ಸ್‌ಲೇಟ್ ಇಟ್."

ದೊನ್ನೆಯನ್ನು ಭಾಷಾಂತರಿಸುವುದೇ? ಕನ್ನಡದವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹೆಂಡತಿಗೆ ಕಾಣಿಕೆ ಎಂಬಂತೆ ಅವಳ ಹೆಸರಿನಲ್ಲೇ ಮೂವರಿಗೆ ಜಾಗ ಕಾದಿರಿಸಿದೆ. 'ಸ್ವಾಗತ' ಎಂದು ಉತ್ತರವೂ ಬಂತು. ಅವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಲು ಹೊರಟಾಗ ಅದನ್ನೂ ತಡೆದೆ. "ಇಟಲಿಗೆ ಹೋಗಿ ರೊಟ್ಟಿ ಕಡಿಯೋದೇನು? ನಾ ಅದೀನಲ್ಲ!"

ರೋಮ್ ತಲುಪಿ, ಕಲ್ಲು ಹಾಸಿದ ಬೀದಿಯಲ್ಲಿ ಚಕ್ರದ ಸೂಟ್‌ಕೇಸನ್ನು ಗಡಗಡ ಎಳೆದು, ಕಾನ್ವೆಂಟಿನ ಗಂಟೆ ಒತ್ತಿದೆವು. ವಯಸ್ಸಾದ ಸಿಸ್ಟರ್ ಬಾಗಿಲು ತೆರೆದರು. ಗಿರಿಜಾಳನ್ನು ನೋಡಿ ನಕ್ಕರು. ಸ್ನೇಹಾಳ ಕೆನ್ನೆ ಸವರಿದರು. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಅಡ್ಡ ಚಾಚಿದರು.

"ಸೋಲೋ ದೊನ್ನೆ!"

"ಹೌದ್ರಿ, ದೊನ್ನೆ! ದೊನ್ನೆ!" ಎಂದು ನಾನು ಬೆರಳುಗಳನ್ನು ಬಾಯಿಗೆ ಒಯ್ದು ಉಣ್ಣುವ ಅಭಿನಯ ಮಾಡಿದೆ.

ಅವರು ಬೆದರಿ ಒಳಗೋಡಿ ಇನ್ನೊಬ್ಬ ಸಿಸ್ಟರನ್ನು ಕರೆತಂದರು. ಅವರು ಕೇರಳದವರು. ದುಬೈನಲ್ಲಿ ವರ್ಷಗಟ್ಟಲೆ ಇದ್ದವನಿಗೆ ಮಲಯಾಳ ಬಾರದಿರುತ್ತದೆಯೇ? "ಚೇಚಿ!" ಎಂದು, ಅಕ್ಕನನ್ನು ಕರೆದಂತೆ, ಕೂಗಿಬಿಟ್ಟೆ. ಸಿಸ್ಟರ್ ನಗು ತಡೆದುಕೊಂಡು, "ದೊನ್ನೆ ಎಂದರೆ ಹೆಂಗಸರು. ಪುರುಷನ್ಮಾರ್ಕ್ ಪ್ರವೇಶನಂ ಇಲ್ಲ" ಎಂದು ಅರ್ಧ ಹಿಂದಿ, ಅರ್ಧ ಮಲಯಾಳದಲ್ಲಿ ತಿಳಿಸಿದರು.

ಹೆಂಗಸರಿಗೆ ಮಾತ್ರ! ಜವಾಬ್ದಾರಿಯುತ ಗಂಡನೊಬ್ಬ ತನ್ನನ್ನು ಬಿಟ್ಟು ಮಿಕ್ಕವರಿಗೆಲ್ಲ ಜಾಗ ಕಾದಿರಿಸಿದ್ದ.

"ಈಗ ನೀವು?" ಗಿರಿಜಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಿಸ್ಟರ್ ಫೋನು ಮಾಡಿ, ಹತ್ತಿರದಲ್ಲೇ ಪಾದ್ರಿಗಳು ನಡೆಸುವ ಗಂಡಸರ ಯಾತ್ರಿನಿವಾಸದಲ್ಲಿ ನನಗೊಂದು ಮಂಚ ಕೊಡಿಸಿದರು. ಒಂದೇ ಕೋಣೆಯಲ್ಲಿ ಸಾಲು ಮಂಚ, ಮೇಲಿನ ಮಂಚದಲ್ಲಿ ಪೋಲೆಂಡಿನ ಭಾರಿ ಯಾತ್ರಿಕ. ದುಬೈಗೆ ಬಂದ ಹೊಸತರಲ್ಲಿ ಬ್ಯಾಚುಲರ್ ಆಗಿ ಬೆಡ್‌ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಬಾಡಿಗೆ ಮಂಚದಲ್ಲಿ, ಮಲಗಿದ್ದೆ. ಇಷ್ಟು ವರ್ಷ ದುಡಿದು, ವಿಮಾನ ಹತ್ತಿ ಯುರೋಪಿಗೆ ಬಂದು, ಮತ್ತೆ ಬೆಡ್‌ಸ್ಪೇಸ್!

ಕಳೆದ ಮಾನವನ್ನು ಊಟದಲ್ಲಾದರೂ ಗಳಿಸೋಣವೆಂದು ಹೆಂಡತಿ, ಮಗಳಿಬ್ಬರನ್ನೂ ಒಂದು ಹೋಟೆಲಿಗೆ ಕರೆದೊಯ್ದೆ. ಪಕ್ಕದ ಮೇಜಿಗೆ ಹೊಂಬಣ್ಣದ ಭಜಿ ಬಂತು, ಕುಂಬಳ ಹೂವಿನದು! ತೊಟ್ಟು ಕೂಡ ಕಾಣುತ್ತಿತ್ತು. ಬೆರಳು ತೋರಿಸಿ ತರಿಸಿದೆ.

"ಇದರಾಗ ಏನೂ ಇಲ್ಲಲ್ಲ?" ಗಿರಿಜಾ ಅನುಮಾನಿಸಿದಳು. ನಮ್ಮ ಮನೆತನದಲ್ಲಿ ಮೊಟ್ಟೆಯ ಹೆಸರೆತ್ತಿದರೂ ಸ್ನಾನ ಮಾಡುವವರಿದ್ದಾರೆ.

"ಹೂವಿನಾಗ ಏನಿರತೈತಿ? ನೋಡು!" ಎಂದು ಒಂದನ್ನು ಬಾಯಿಗಿಟ್ಟೆ. ಗರಿಗರಿ. ಇನ್ನೊಂದನ್ನೂ ಇಟ್ಟೆ. "ಉಪ್ಪು ಚೂರು ಮುಂದಾಗೈತಿ ಅಷ್ಟ."

ಸ್ನೇಹಾ ತನ್ನದನ್ನು ಮುರಿದು ಮೂಸಿದಳು. "ಪಪ್ಪಾ, ದಟ್ಸ್ ಫಿಶ್."

ಹೂವಿನ ಹೊಟ್ಟೆಯಲ್ಲಿ ಮೀನಿನ ಎಳೆ! ಹಿರೇಮಠದ ಕುಲದೀಪಕನ ಹೊಟ್ಟೆಯಲ್ಲಿ ಆಗಲೇ ಎರಡು! ನನ್ನ ಮುಖ ನೋಡಿ ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು. ಆ ಹೊತ್ತಿಗೆ ಎಲ್ಲರಿಗೂ ಬ್ರೆಡ್ಡು, ಬಾಳೆಹಣ್ಣು. ಸಂಜೆ ಕಾನ್ವೆಂಟಿನ ಬಾಗಿಲು ಮುಚ್ಚುವ ಮೊದಲು ಅವರನ್ನು ಬಿಟ್ಟು, ತಲೆ ತಗ್ಗಿಸಿ ನನ್ನ ಮಂಚಕ್ಕೆ ಮರಳಿದೆ.

ಮರುದಿನ ಬೆಳಿಗ್ಗೆ ಗೇಟಿನ ಬಳಿ ಕಾದು ನಿಂತವನಿಗೆ ಹೆಂಡತಿಯ ಗುರುತೇ ಸಿಗಲಿಲ್ಲ. ಮುಖ ಅಷ್ಟು ಅರಳಿತ್ತು.

"ಛಲೋ ನಿದ್ದಿ ಆತ್ರಿ. ರಾತ್ರಿ ಸಿಸ್ಟರ್ ಕಡ್ಲಿಕಾಳಿನ ಸಾರು ಕೊಟ್ರು. ಏನ್ ರುಚಿ ಅಂತೀರಿ! ನಾ ಒಂದು ಪಾತ್ರಿನೂ ತೊಳೀಲಿಲ್ಲ. ಕೂಡ್ರಿಸಿ ಬಡಿಸಿದ್ರು."

ಕೊನೆಯ ಮಾತನ್ನು ಅವಳು ಎರಡು ಸಲ ಹೇಳಿದಳು.

ಸಿಸ್ಟರ್ ಹೇಳಿದ್ದ ಸಣ್ಣ ಖಾನಾವಳಿಗೆ ಮಧ್ಯಾಹ್ನ ಅವಳೇ ನಮ್ಮನ್ನು ಕರೆದೊಯ್ದಳು. ಚೀಸು, ಕಾಳುಮೆಣಸಿನ ಪುಡಿ ಬೆರೆಸಿದ ಉದ್ದನೆಯ ಶಾವಿಗೆ, ಬೇಯಿಸಿದ ಸೊಪ್ಪು. ಮೂವರೂ ತಟ್ಟೆ ಒರೆಸಿ ತಿಂದೆವು. ಉಳಿದ ದಿನಗಳಲ್ಲೂ ಅವಳು ಮುಂದೆ, ನಾನು ನೀರಿನ ಬಾಟಲಿ ಹಿಡಿದು ಹಿಂದೆ. ರೋಮ್ ನಿಜಕ್ಕೂ ಸುಂದರವಾದ ಊರು. ದಾರಿ ಹುಡುಕುವ ಕೆಲಸವಿಲ್ಲದವನಿಗೆ ಚೆನ್ನಾಗಿ ಕಾಣಿಸುತ್ತದೆ.

ದುಬೈಗೆ ಮರಳಿದ ಮೇಲೆ ಇಬ್ರಾಹಿಂ ಅವರ ಹೆಂಡತಿ ಜುಬೈದಾ ಎಲ್ಲ ಕೇಳಿದರು. "ಗಂಡಸರು ಒಳಗೆ ಬರ್ಲಿಕ್ಕೇ ಇಲ್ವಾ? ಹಾಗಾದ್ರೆ ಭಾರೀ ಆರಾಮ ಅಲ್ವಾ ಗಿರಿಜಕ್ಕಾ!"

ಸುದ್ದಿ ಕಟ್ಟಡದ ತುಂಬ ಹಬ್ಬಿತು. ಮುಂದಿನ ವಸಂತಕ್ಕೆ ಹೆಂಗಸರ ದೊಡ್ಡ ದಂಡೇ ಹೊರಡುವುದೆಂದು ತೀರ್ಮಾನವಾಯಿತು. ಬುಕಿಂಗ್ ಹೊಣೆ ನನ್ನದು. "ಅವರಿಗೆ ಅನುಭವ ಐತಿ" ಎಂದು ಗಿರಿಜಾಳೇ ಶಿಫಾರಸು ಮಾಡಿದಳು. ಈಗ ಯಾವ ಊರಲ್ಲಿ ಹೆಂಗಸರಿಗೆ ಒಳ್ಳೆಯ ವಸತಿ ಸಿಗುತ್ತದೆಂದು ತಿಳಿಯಲು ಪಕ್ಕದ ಕಟ್ಟಡಗಳಿಂದಲೂ ಹೆಂಗಸರು ನನ್ನನ್ನು ಹುಡುಕಿ ಬರುತ್ತಾರೆ. ನಾನು ಗಂಭೀರವಾಗಿ ಸಲಹೆ ಕೊಡುತ್ತೇನೆ.

ಗಂಡಸರು ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.