ರೈಟರ್ ರಂಗನಾಥನ ಸ್ಟೆಮ್ ಸೆಲ್

ಎರಡನೇ ಕಡುಬು ಬಾಯಿಗಿಡುವಷ್ಟರಲ್ಲಿ ಮಲ್ಲಂದೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ರಂಗನಾಥನ ಮೊಬೈಲ್ ಬಡಿದುಕೊಂಡಿತು. ಮಾತು ಕೇಳುವಷ್ಟು ಸಿಗ್ನಲ್ ಸಿಗುವುದು ಕಾಫಿ ಕಣದ ಕಟ್ಟೆಯ ಮೇಲೆ ಮಾತ್ರ. ಓಡಿದ. ಸ್ಟೆಮ್ ಸೆಲ್ ದಾನಿಗಳ ನೋಂದಣಿ ಸಂಸ್ಥೆಯ ಹೆಂಗಸೊಬ್ಬರ ದನಿ.

"ಹೋದ ವರ್ಷ ಚಿಕ್ಕಮಗಳೂರಿನ ಶಿಬಿರದಲ್ಲಿ ಕೆನ್ನೆಯೊಳಗೆ ಹತ್ತಿಕಡ್ಡಿ ಉಜ್ಜಿ ಸ್ಯಾಂಪಲ್ ಕೊಟ್ಟಿದ್ರಲ್ಲ ಸಾರ್? ರಕ್ತದ ಕ್ಯಾನ್ಸರ್ ಇರೋ ಒಂದು ಮಗುವಿಗೆ ಹೊಂದಿದೆ. ಸ್ಟೆಮ್ ಸೆಲ್ ಕೊಡೋಕೆ..."

"ಧಾರಾಳವಾಗಿ!" ಎಂದು ರಂಗನಾಥ ಕೂಗಿದ. ಲೈನ್ ಕಟ್ಟಾಯಿತು.

ಅಂದು ಹೆಂಡತಿ ಧನ್ಯಾಳೂ ಜೊತೆಯಲ್ಲೇ ಸ್ಯಾಂಪಲ್ ಕೊಟ್ಟಿದ್ದಳು. ಆದರೆ ಕರೆ ಬಂದದ್ದು ತನಗೆ! ರಂಗನಾಥನ ಎದೆ ಎರಡಂಗುಲ ಮುಂದೆ ಬಂತು.

ಸುದ್ದಿ ಕೇಳಿದ ಮೇಸ್ತ್ರಿ ಚಿಕ್ಕಯ್ಯ 'ಸ್ಟೆಮ್' ಎಂಬಲ್ಲಿಗೇ ನಿಂತುಬಿಟ್ಟ. "ಅಯ್ಯೋ ರೈಟ್ರೇ, ನಿಮ್ಗೂ ಕಾಂಡಕೊರಕ ಹುಳ ಬಿತ್ತಾ? ಕಾಫಿ ಗಿಡ ಆಗಿದ್ರೆ ಕಿತ್ತು ಸುಟ್ಟಾಕ್ಬಹುದಿತ್ತು!"

ಹತ್ತು ಗಂಟೆಗೆ ಪಕ್ಕದ ಮನೆಯ ಪಾಪಮ್ಮ ಏದುಸಿರು ಬಿಡುತ್ತ ಬಂದರು. "ಬೆನ್ನುಮೂಳೆ ತೆಗೀತಾರಂತಲ್ಲೋ ಮಾರಾಯ! ಇನ್ನು ಹಾಜರಿ ಪುಸ್ತಕ ಮಲ್ಕೊಂಡು ಬರೀತೀಯಾ?"

"ಮೂಳೆ ಯಾರೂ ಮುಟ್ಟಲ್ಲ ಪಾಪಮ್ಮ. ಮೂಳೆಯೊಳಗಿನ ಮಜ್ಜೆ ನಮ್ಮ ನರ್ಸರಿ ಇದ್ದ ಹಾಗೆ. ಅಲ್ಲಿರೋ ಸ್ಟೆಮ್ ಸೆಲ್‌ನಿಂದಲೇ ಹೊಸ ರಕ್ತ ಹುಟ್ಟೋದು. ಆ ಮಗುವಿನ ನರ್ಸರಿ ಕೆಟ್ಟಿದೆ. ನಂದು ಒಂದಿಷ್ಟು ಕೊಟ್ರೆ ಅಲ್ಲಿ ಬೇರು ಬಿಡುತ್ತೆ. ಶಿಬಿರದಲ್ಲೇ ಹೇಳಿದ್ರು, ಐದು ದಿನ ಇಂಜೆಕ್ಷನ್ ಕೊಡ್ತಾರೆ. ಆಮೇಲೆ ಒಂದು ಕೈಯಿಂದ ರಕ್ತ ಮೆಷಿನ್‌ಗೆ ಹೋಗುತ್ತೆ, ಬೇಕಾದ್ದನ್ನ ಸೋಸಿಕೊಂಡು ಉಳಿದದ್ದನ್ನ ಇನ್ನೊಂದು ಕೈಗೆ ವಾಪಸ್ ಬಿಡ್ತಾರೆ."

"ಹಣ್ಣು ಪಲ್ಪರ್‌ಗೆ ಹಾಕಿ ಬೀಜ ಬೇರೆ ಮಾಡ್ದಂಗೆ!" ಚಿಕ್ಕಯ್ಯನಿಗೆ ಜ್ಞಾನೋದಯವಾಯಿತು.

"ಹಾಗಾದ್ರೆ ಮೈಯಲ್ಲಿ ಶಕ್ತಿ ಬೇಕು" ಎಂದು ಪಾಪಮ್ಮ ತೀರ್ಪು ಕೊಟ್ಟರು.

ಅಲ್ಲಿಂದ ಶುರುವಾಯಿತು. ಪಾಪಮ್ಮನ ಮನೆಯಿಂದ ನಾಟಿಕೋಳಿ ಸಾರು, ಚಿಕ್ಕಯ್ಯನ ಮನೆಯಿಂದ ಬೇಯಿಸಿದ ಮೊಟ್ಟೆ, ಎದುರುಮನೆಯಿಂದ ಸಜ್ಜಿಗೆ. ಬೇಡ ಎಂದರೆ "ಮಗುವಿನ ಮುಖ ನೋಡಿ ತಿನ್ನು" ಎಂಬ ಒತ್ತಾಯ. ಎಸ್ಟೇಟ್ ಸಾಹುಕಾರ್ರು ವಾರದ ರಜೆಯನ್ನೂ ಕಾರನ್ನೂ ಕೊಡುವುದಾಗಿ ಹೇಳಿ ಕಳಿಸಿದರು. ಸಂಜೆಯ ಹೊತ್ತಿಗೆ ರಂಗನಾಥ ಬಾಯಿ ಹೊಲಿದ ಕಾಫಿ ಮೂಟೆಯಂತೆ ಕಣದಲ್ಲಿ ಹಾಕಿದ ಕುರ್ಚಿಗೆ ಒರಗಿ, ತೇಗುತ್ತ ತ್ಯಾಗದ ಬಗ್ಗೆ ಭಾಷಣ ಮಾಡುತ್ತಿದ್ದ.

ಮತ್ತೆ ಫೋನ್ ಬಂತು. ಚಿಕ್ಕಯ್ಯ ಅವನನ್ನು ಕೈಹಿಡಿದು ಕಟ್ಟೆ ಹತ್ತಿಸಿದ. ಎಲ್ಲರಿಗೂ ಕೇಳಲೆಂದು ರಂಗನಾಥ ಸ್ಪೀಕರ್ ಒತ್ತಿದ.

"ಬೆಳಿಗ್ಗೆ ಲೈನ್ ಕಟ್ಟಾಯ್ತು ಸಾರ್. ಧನ್ಯಾ ಅವ್ರಿಗೆ ಫೋನ್ ಕೊಡ್ತೀರಾ?"

"ಧನ್ಯಾ ಯಾಕೆ ಮೇಡಂ? ಕೊಡೋನು ನಾನು!"

"ಇಲ್ಲ ಸಾರ್, ಹೊಂದಿರೋದು ಅವ್ರದ್ದು. ಎರಡೂ ಫಾರಂನಲ್ಲಿ ನಿಮ್ಮ ನಂಬರೇ ಇದೆ."

ಕಣದಲ್ಲಿದ್ದವರೆಲ್ಲ ಧನ್ಯಾಳತ್ತ ತಿರುಗಿದರು. ಧನ್ಯಾ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. "ಕೊಡ್ತೀನಿ ಮೇಡಂ. ಯಾವಾಗ ಬರ್ಲಿ?"

"ಮೊದಲು ಇನ್ನೊಂದು ರಕ್ತಪರೀಕ್ಷೆ ಇದೆ. ತಿಳಿಸ್ತೀವಿ."

ರಂಗನಾಥ ಬಗ್ಗಿ ಕೇಳಿದ: "ಮೇಡಂ, ನಂದು?"

"ಯಾರಿಗಾದ್ರೂ ಹೊಂದಿದ್ರೆ ಕರೀತೀವಿ ಸಾರ್. ಇಪ್ಪತ್ತು ವರ್ಷ ಆದ್ರೂ ಆಗ್ಬಹುದು."

ಪಾಪಮ್ಮ ಧನ್ಯಾಳನ್ನು ತಬ್ಬಿಕೊಂಡು ಕುರ್ಚಿಯಲ್ಲಿ ಕೂರಿಸಿದರು. ಅವಳ ಮುಖದಲ್ಲಿ ಅರಳಿದ ನಗು ನೋಡಿ ರಂಗನಾಥನಿಗೂ ಹೆಮ್ಮೆಯೆನಿಸಿತು. ಆದರೆ ಹೆಮ್ಮೆಪಡಲು ಪಾಪಮ್ಮ ಹೆಚ್ಚು ಹೊತ್ತು ಬಿಡಲಿಲ್ಲ.

"ಕೋಳಿಸಾರು ಪೂರಾ ನೀನೇ ಖಾಲಿ ಮಾಡಿದ್ಯಲ್ಲೋ! ಏಳು, ಹುಡುಗಿಗೆ ಬೇರೆ ಕೋಳಿ ಹಿಡ್ಕೊಂಡು ಬಾ."