ನನ್ನ ರಿವಾಲ್ವರ್ ನಾನೇ ಆರಿಸಿದೆ

ಈ ಸಲ ನನ್ನ ರಿವಾಲ್ವರನ್ನು ನಾನೇ ಆರಿಸುತ್ತೇನೆ, ವಯೋಮಿಂಗಿನ ಯಾವ ಗಂಡಸೂ ನಡುವೆ ಬಾಯಿ ಹಾಕಕೂಡದು ಎಂದು ನಾನು ಘೋಷಿಸಿದ್ದು ಅಡುಗೆಮನೆಯಲ್ಲಿ, ಮೊಟ್ಟೆ ಮಗುಚುವ ಸಟ್ಟುಗವನ್ನು ರಾಜದಂಡದಂತೆ ಎತ್ತಿ ಹಿಡಿದು. ಗಂಡ ಹಾರ್ಲನ್ ಪೇಪರಿನಿಂದ ತಲೆ ಎತ್ತದೆ, "ಆಗಲಿ ಕಣೇ" ಎಂದ. ನಮ್ಮ ಸಂಸಾರದ ಇಷ್ಟು ವರ್ಷಗಳಲ್ಲಿ ಅವನು ಯಾವುದಕ್ಕೂ ಇಷ್ಟು ಸಲೀಸಾಗಿ "ಆಗಲಿ" ಎಂದವನಲ್ಲ. ನನ್ನ ಅನುಮಾನ ಹುಟ್ಟಿದ್ದೇ ಅಲ್ಲಿ.

ಪ್ರತಿ ಶನಿವಾರ ನಮ್ಮೂರಿನ ದೊಡ್ಡವರೆಲ್ಲ ಮುತ್ತಜ್ಜಂದಿರ ಕಾಲದ ಟೋಪಿ, ಲಂಗ, ಬೂಟು ಹಾಕಿಕೊಂಡು ಗುಡ್ಡದ ಹಿಂದೆ ಕಬ್ಬಿಣದ ತಟ್ಟೆಗಳಿಗೆ ಗುರಿಯಿಟ್ಟು ಹೊಡೆಯುತ್ತೇವೆ. ಕ್ಲಬ್ಬಿನಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು ಇರಬೇಕು; ನನ್ನದು "ಕಪ್ಪು ಬಾಣಲೆ". ರಿವಾಲ್ವರೂ ಹಳೇ ತರಹದ್ದೇ ಆಗಬೇಕು: ಪ್ರತಿ ಗುಂಡಿಗೂ ಹಿಂಬದಿಯ ಕೊಕ್ಕೆಯನ್ನು ಹೆಬ್ಬೆರಳಿನಿಂದ ಎಳೆಯಬೇಕು. ಸೊಂಟದ ಎರಡೂ ಕಡೆ ಒಂದೊಂದು. ನನ್ನ ಎರಡೂ ಹಾರ್ಲನ್ ಬಳಸಿ ಬಿಟ್ಟವು, ಅವನ ಅಂಗೈಗೆ ಹೊಂದಿದ್ದವು. ಎಡಗಡೆಯದು ಕೊನೆಗೂ ಪ್ರಾಣ ಬಿಟ್ಟಿತು. ಮನಸ್ಸಿನಲ್ಲೇ ಸಿಹಿ ಹಂಚಿದೆ.

ಬಂದೂಕಿನ ಅಂಗಡಿಯ ಡೆಲ್ಫಿನ್ ನನ್ನ ಕೈಗೆ ಎರಡು ಕೊಟ್ಟಳು. ಒಂದು ಇಟಲಿಯಲ್ಲಿ ಮಾಡಿದ್ದು: ಕಡುನೀಲಿ ಉಕ್ಕು, ಅಕ್ರೋಟಿನ ಮರದ ಹಿಡಿ, ಕೊಕ್ಕೆ ಎಳೆದರೆ ಟಿಕ್ ಟಿಕ್ ಟಿಕ್ ಟಿಕ್ ಎಂದು ಗೋಡೆ ಗಡಿಯಾರದಂತೆ ನಾಲ್ಕು ಸದ್ದು. ಇನ್ನೊಂದು ನಮ್ಮ ದೇಶದ್ದೇ: ಹೊಳೆಯುವ ಸ್ಟೀಲು, ಗಟ್ಟಿಮುಟ್ಟು, ಮಾತು ಕಮ್ಮಿ. ಶುಕ್ರವಾರದವರೆಗೆ ಎರಡನ್ನೂ ಹೊಡೆದು ನೋಡಿ, ಶನಿವಾರ ಬೆಳಿಗ್ಗೆ ಒಂದನ್ನು ವಾಪಸ್ ತಾ ಎಂದಳು. ಒಂದು ಗೀರು ಬಿದ್ದರೂ ಅದು ನಿನ್ನದೇ ಎಂದೂ ಸೇರಿಸಿದಳು.

ಪ್ರತಿ ಸಂಜೆ ಹೋಗಿ ಹೊಡೆದು ಬಂದೆ. ನಾವು ಬಳಸುವುದು ಹಳೇ ಕಾಲದ ಕರಿಮದ್ದು. ಹೊಗೆ ಮೋಡದಷ್ಟು, ವಾಸನೆ ಕೊಳೆತ ಮೊಟ್ಟೆಯಷ್ಟು. ಮನೆಗೆ ಬಂದು, ಎಂದಿನಂತೆ ರಿವಾಲ್ವರುಗಳನ್ನು ಗ್ಯಾರೇಜಿನ ಬೆಂಚಿನ ಮೇಲಿಟ್ಟು ರಾತ್ರಿಯ ಅಡುಗೆಗೆ ಓಡುತ್ತಿದ್ದೆ.

ಹಾರ್ಲನ್ ಬಾಯಿ ಹಾಕದೆ ಇರಲಿಲ್ಲ. ಮಂಗಳವಾರ ನಮ್ಮ ದೇಶದ್ದನ್ನು ಹೊಗಳಿದ. ಓಹೋ, ಇಟಲಿಯದು ತನಗೆ ಬೇಕು ಅಂತ ಲೆಕ್ಕ ಹಾಕಿದ್ದಾನೆ ಎಂದುಕೊಂಡೆ. ಬುಧವಾರ, "ಆ ಇಟಲಿಯದು ನೋಡೋಕೆ ಚೆಂದ, ಆದರೆ ಮೂಲೆಮೂಲೆಯಲ್ಲಿ ಸಣ್ಣ ಸಣ್ಣ ಸ್ಕ್ರೂ. ಬೇಡ ಕಣೇ" ಎಂದ. ಬಿಚ್ಚಿ ನೋಡದವನಿಗೆ ಸ್ಕ್ರೂ ಹೇಗೆ ಗೊತ್ತು? ನನ್ನ ಬೆನ್ನ ಹಿಂದೆ ಕಳ್ಳಾಟ! ಬೇಡ ಎಂದನಲ್ಲ, ಅದೇ ಬೇಕು ಎಂದು ಆ ಕ್ಷಣವೇ ಅರ್ಧ ತೀರ್ಮಾನ ಮಾಡಿಬಿಟ್ಟೆ.

ಆ ಬುಧವಾರವೇ ಇನ್ನೊಂದು ಅದ್ಭುತ ನಡೆಯಿತು. ಊಟವಾದ ಮೇಲೆ ಹಾರ್ಲನ್ ಎದ್ದು, ನೀನು ಹೋಗಿ ಟೀವಿ ನೋಡು, ಪಾತ್ರೆ ನಾನು ತೊಳೆಯುತ್ತೇನೆ ಎಂದ.

ಇವನ ಚರಿತ್ರೆ ಗೊತ್ತಿಲ್ಲದವರಿಗೆ ಇದರ ಭೀಕರತೆ ತಿಳಿಯದು. ಮಂಚದ ಪಕ್ಕ ಬಿದ್ದ ಕಾಲುಚೀಲ ಸೋಮವಾರ ತಾನೇ ನಡೆದು ಬಂದು ಡ್ರಾಯರ್ ಸೇರುತ್ತದೆ ಎಂದು ನಂಬಿದ್ದ ಮನುಷ್ಯ. ಒಮ್ಮೆ ತನ್ನ ಅಂಗಿಗಳನ್ನು ನನ್ನ ಬುಟ್ಟಿಗೆ ಸುರಿದು, "ಹೇಗೂ ನಿನ್ನದು ಒಗೀತೀಯಲ್ಲ" ಎಂದ. ನಾನು, "'ಹೇಗೂ' ಅನ್ನೋ ಬಾಯಿಗೆ ಉತ್ತರ ಕೊಡಬಾರದು, ಕೈಗೆ ಸೋಪು ಕೊಡಬೇಕು" ಎಂದು ಸೋಪಿನ ಪುಡಿಯ ಡಬ್ಬಿಯನ್ನೇ ಅವನ ಕೈಗಿಟ್ಟೆ. ಅಂದಿನಿಂದ ಅವನ ಬಟ್ಟೆ ಅವನೇ ಒಗೆಯುತ್ತಾನೆ. ಈ ವಿಜಯದ ಕಥೆಯನ್ನು ಕ್ಲಬ್ಬಿನ ಹೆಂಗಸರಿಗೆಲ್ಲ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ.

ಅಂಥವನು ಪಾತ್ರೆ ತೊಳೆಯುತ್ತಾನೆಯೆ? ಸುಮ್ಮನೆಯೆ? ಗುರುವಾರ ಸಿಂಕಿನ ಬಳಿ ಮೂಗು ಹಿಡಿದೆ: ಕೊಳೆತ ಮೊಟ್ಟೆ. ಫ್ರಿಜ್ಜಿನ ಮೊಟ್ಟೆಗಳನ್ನು ಒಂದೊಂದಾಗಿ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಿದೆ, ಎಲ್ಲವೂ ಸಜ್ಜನರು. ಪಾತ್ರೆ ತೊಳೆಯುವ ಸೋಪು ಅರ್ಧಕ್ಕಿಳಿದಿತ್ತು. ಬಾಟಲಿ ಉಜ್ಜುವ ಬ್ರಷ್ಷು ಕಪ್ಪಾಗಿತ್ತು. ನನ್ನ ಅಡುಗೆಮನೆಯಲ್ಲಿ ಏನೋ ಮಹಾ ಸಂಚು ನಡೆಯುತ್ತಿತ್ತು.

ಶುಕ್ರವಾರ ಸಂಜೆ ತಂಗಿಯ ಮನೆಗೆ ಹೋಗುತ್ತೇನೆಂದು ಕಾರು ಹತ್ತಿ, ಮೂಲೆ ತಿರುಗಿ ಒಂದಷ್ಟು ಹೊತ್ತು ಕಾದು, ಹಿತ್ತಲ ಬಾಗಿಲಿಂದ ಕಳ್ಳಬೆಕ್ಕಿನಂತೆ ನುಗ್ಗಿದೆ. ಅಡುಗೆಮನೆ ಖಾಲಿ. ಸಿಂಕು ಫಳಫಳ. ಒಂದು ಸಾಕ್ಷಿಯೂ ಇಲ್ಲ. ನಿರಾಸೆಯಾಗಿ, ಮರುದಿನ ಕ್ಲಬ್ಬಿನ ಊಟಕ್ಕೆ ಬಿಸ್ಕೆಟ್ಟಾದರೂ ಬೇಯಿಸೋಣವೆಂದು ಓವನ್ನಿನ ಗುಂಡಿಯನ್ನು ಪೂರ್ತಿ ತಿರುಗಿಸಿ ಹಿಟ್ಟು ನಾದಲು ನಿಂತೆ.

ಹಿಟ್ಟು ಲಟ್ಟಿಸಿ ಬಿಲ್ಲೆಗಳಾಗಿ ಕತ್ತರಿಸುವಷ್ಟರಲ್ಲಿ ಕ್ರಿಸ್ಮಸ್ಸಿನ ಕಟ್ಟಿಗೆ ಉರಿದ ವಾಸನೆ. ಹೊಗೆ ಕಂಡರೆ ಕೂಗುವ ಗಂಟೆ ಅರಚಿಕೊಂಡಿತು. ಗ್ಯಾರೇಜಿನಿಂದ ಎಣ್ಣೆಯ ಡಬ್ಬಿ ಹಿಡಿದು ಹಾರ್ಲನ್ ಓಡಿ ಬಂದ, ಓವನ್ನಿನ ಬಾಗಿಲು ಎಳೆದ. ನಡುವಿನ ತಂತಿಯ ಮೇಲೆ, ಹಬ್ಬದ ಟರ್ಕಿ ಕೋಳಿಯಂತೆ ಗಂಭೀರವಾಗಿ, ಇಟಲಿಯ ರಿವಾಲ್ವರ್ ಮಲಗಿತ್ತು. ಅಕ್ರೋಟಿನ ಹಿಡಿ ಇದ್ದಿಲಾಗಿತ್ತು.

"ಸಿಕ್ಕಿಬಿದ್ದೆ" ಎಂದೆ, ಹಿಟ್ಟಿನ ಬೆರಳು ಚಾಚಿ. "ನನ್ನ ರಿವಾಲ್ವರ್ ಕದ್ದು ಹೊಡೀತಿದ್ದೀಯ."

"ಹೊಡೀತಿಲ್ಲ. ತೊಳೀತಿದ್ದೀನಿ."

"ಯಾಕೆ?"

ಹಾರ್ಲನ್ ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟ. ಗ್ಯಾರೇಜಿನ ಬಿಸಿನೀರಿನ ಕೊಳಾಯಿ ಕೆಟ್ಟಿದೆ, ಅದಕ್ಕೇ ಈ ವಾರ ಅಡುಗೆಮನೆಗೆ ಬಂದೆ ಎಂದ. ಕರಿಮದ್ದಿನ ಮಸಿ ಅಂದೇ ತೊಳೆಯದಿದ್ದರೆ ಉಕ್ಕನ್ನು ತಿನ್ನುತ್ತದೆ. ನಮ್ಮ ದೇಶದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಇಟಲಿಯದರ ಸಂದುಗೊಂದುಗಳಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಆದ್ದರಿಂದ ಅದನ್ನು ಕಾಯಿಸಿ ಆಫ್ ಮಾಡಿದ ಓವನ್ನಿನ ಬಿಸುಪಿನಲ್ಲಿ ಒಣಗಿಸಬೇಕು. ಡೆಲ್ಫಿನಳ ಮಾಲಿನ ಸ್ಕ್ರೂಗೆ ಗೀರು ಬೀಳದಿರಲೆಂದು ಹಿಡಿ ಬಿಚ್ಚಿರಲಿಲ್ಲ.

"ಕ್ಲಬ್ ಸೇರಿದಾಗಿಂದ ನಿನ್ನ ರಿವಾಲ್ವರು ವಾರ ವಾರ ಹೇಗೆ ಹೊಳೀತಿತ್ತು ಅಂದ್ಕೊಂಡಿದ್ದೆ? ತಾನೇ ಸ್ನಾನ ಮಾಡ್ತಿತ್ತಾ?"

ನನಗೆ ಮಂಚದ ಪಕ್ಕದ ಕಾಲುಚೀಲ ನೆನಪಾಯಿತು.

ಮರುದಿನ ಡೆಲ್ಫಿನ್ ರಿವಾಲ್ವರನ್ನು ತಿರುಗಿಸಿ ನೋಡಿ, ಮೂಸಿ, "ಎಷ್ಟು ಹೊತ್ತು ಬೇಯಿಸಿದೆ?" ಎಂದು ಕೇಳಿದಳು. ನಂತರ ನಮ್ಮ ದೇಶದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹೀಗೆ, ಯಾವ ಗಂಡಸಿನ ಸಲಹೆಯನ್ನೂ ಕೇಳದೆ, ಓವನ್ನಿನ ಸಲಹೆಯೊಂದನ್ನೇ ನಂಬಿ, ನಾನು ರಿವಾಲ್ವರ್ ಆರಿಸಿದೆ. ಕ್ಲಬ್ಬಿನಲ್ಲಿ ನನ್ನ ಅಡ್ಡಹೆಸರು ಕೊನೆಗೂ ಹೊಂದಿತು ಎಂದರು.

ಆಟ ಮುಗಿಸಿ ಮನೆಗೆ ಬಂದಾಗ ಹಾರ್ಲನ್ ತನ್ನ ಎರಡು ರಿವಾಲ್ವರುಗಳನ್ನೂ ಸಿಂಕಿನಲ್ಲಿ ಹರವಿಕೊಂಡು ನಿಂತಿದ್ದ. ನಾನು ಇಟಲಿಯದನ್ನು ಮೆಲ್ಲಗೆ ಅವುಗಳ ಪಕ್ಕ ಇಟ್ಟೆ. ದನಿಗೆ ಇದ್ದಬದ್ದ ಬೆಣ್ಣೆಯನ್ನೆಲ್ಲ ಹಚ್ಚಿ, "ಹೇಗೂ ನಿನ್ನದು ತೊಳೀತಿದ್ದೀಯಲ್ಲ..." ಎಂದೆ.

ಅವನು ಉತ್ತರ ಕೊಡಲಿಲ್ಲ. ಕೈ ಒರೆಸಿಕೊಂಡು, ನನ್ನ ಕೈಗೆ ಸೋಪು ಕೊಟ್ಟ.