ಗಾಜಿನ ಕೊಳವೆಯೊಳಗೆ ನಲವತ್ತು ಮಂದಿ

ರಕ್ತ ಮೈಯೊಳಗೆ ಇರುವವರೆಗೆ ಅದರ ಮಾತನ್ನು ಯಾರೂ ಎತ್ತುವುದಿಲ್ಲ. ಅದೇ ರಕ್ತ ಗಾಜಿನ ಕೊಳವೆಯೊಳಗೆ ಹೋಗಿ ಕೂತಿತೆಂದರೆ ಮುಂದೆ ಹೇಳುವಂಥ ಪ್ರಸಂಗಗಳಿಗೆ ಬರವಿಲ್ಲ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ, ಎಲ್ಲವೂ ನಾನಿದ್ದಲ್ಲಿಗೇ ನಡೆದು ಬಂದವು.

ಕಾಲುವೆಗೆ ನೀರು ಬಿಟ್ಟ ಮೇಲಿನ ವರ್ಷಗಳವು. ಸುರಪುರ ಸುತ್ತಿನ ಹೊಲಗಳಲ್ಲಿ ಜೋಳ ಹೋಗಿ ಭತ್ತ ನಿಂತಿತ್ತು. ಗಂಗಾಳದಲ್ಲಿ ರೊಟ್ಟಿ ಕಡಿಮೆಯಾಗಿ ಮೂರು ಹೊತ್ತೂ ಅನ್ನವಾಯಿತು. ಅದರ ಬೆನ್ನಿಗೇ ಸಕ್ಕರೆ ಕಾಯಿಲೆಯೂ ಬಂತು. ಗುಡ್ಡದಲ್ಲಿ ಬೆಳೆಯುವ ಮಧುನಾಶಿನಿ ಬಳ್ಳಿಯ ಎಲೆ ಈ ಕಾಯಿಲೆಗೆ ನಾಟುತ್ತದೋ ಇಲ್ಲವೋ ನೋಡಲು ಮೈಸೂರು ಕಡೆಯ ಸಂಶೋಧಕರೊಬ್ಬರು ಸುರಪುರದಲ್ಲಿ ಬಾಡಿಗೆ ಮನೆ ಹಿಡಿದು ಪ್ರಯೋಗಶಾಲೆ ಹಾಕಿದರು. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು.

ಬೋನಾಳ ಕೆರೆಯ ಆಚೆಗಿನ ಒಂದು ಹಳ್ಳಿಯಲ್ಲಿ ಕಾಯಿಲೆ ಇದ್ದ ನಲವತ್ತು ಮಂದಿಯನ್ನು ಆರಿಸಿದ್ದೆವು. ಅವರು ದಿನಾ ಎಲೆಯ ಪುಡಿ ತಿನ್ನಬೇಕು, ಮೂರು ತಿಂಗಳಿಗೊಮ್ಮೆ, ಒಟ್ಟು ಮೂರು ಸಲ, ರಕ್ತ ಕೊಡಬೇಕು. ರಕ್ತದ ಕೆಂಪು ಕಣಕ್ಕೆ ಸಕ್ಕರೆ ಅಂಟಿಕೊಂಡಿರುತ್ತದೆ. ಅದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳು ಮನುಷ್ಯ ಹೇಗಿದ್ದ ಎಂಬುದೆಲ್ಲ ಹೊರಬೀಳುತ್ತದೆ. ಬಾಯಿ ಸುಳ್ಳು ಹೇಳಬಹುದು, ಅದು ಹೇಳುವುದಿಲ್ಲ.

ನಾನು ಅಲ್ಲಿ ಕಸ ಗುಡಿಸಲು ಸೇರಿದವಳು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು, ಓದು ಕಲಿತದ್ದು ಕಿರಾಣಿ ಅಂಗಡಿಯ ಪೊಟ್ಟಣ ಬಿಚ್ಚಿ. ಪದವಿ ಪಾಸಾದವನೊಬ್ಬ ಎರಡು ಕೊಳವೆಗಳ ಚೀಟಿ ಅದಲು ಬದಲು ಅಂಟಿಸಿದ್ದನ್ನು ಒಂದು ದಿನ ನಾನು ಹಿಡಿದುಕೊಟ್ಟೆ. ಮರುದಿನ ರಿಜಿಸ್ಟರು ನನ್ನ ಕೈಗೆ ಬಂತು, ಪೊರಕೆ ಬೇರೆಯವರ ಕೈಗೆ ಹೋಯಿತು.

ಸಾಹೇಬರು ಹೇಳಿದ್ದು ಒಂದೇ ಮಾತು. "ನಡುವೆ ಯಾರೂ ಬಿಟ್ಟು ಹೋಗಬಾರದು. ಹೋದರೆ ಇಷ್ಟು ದಿನದ ಕೆಲಸ ವ್ಯರ್ಥ, ಈ ಪ್ರಯೋಗಶಾಲೆ ಮುಚ್ಚಬೇಕಾಗುತ್ತದೆ." ನಾನು ಅದನ್ನು ಹಳ್ಳಿಗೆ ಒಯ್ದು ಮನೆಮನೆಗೆ ನನ್ನದೇ ರೀತಿಯಲ್ಲಿ ಹೇಳಿ ಬಂದೆ: "ಒಬ್ಬರು ತಪ್ಪಿದರೂ ನನ್ನ ನೌಕ್ರಿ ಹೋಗ್ತದ, ನೆನಪಿರಲಿ." ಪೊರಕೆಗೆ ಮರಳಿ ಹೋಗುವ ಮನಸ್ಸು ನನಗಿರಲಿಲ್ಲ.

ಬಳ್ಳಿಗೆ ಹಾಜರಿ

ಎಲೆ ತರಲು ಶಹಾಪುರದ ಗುಡ್ಡಕ್ಕೆ ಹೋಗಬೇಕಾಗಿತ್ತು. ಬಳ್ಳಿ ಎಲ್ಲಿದೆ ಎಂದು ಬಲ್ಲವನು ನಾಟಿ ಔಷಧಿ ಕೊಡುವ, ವಯಸ್ಸಾದ ಒಬ್ಬ ಮುತ್ಯಾ. ಅವನ ಪದ್ಧತಿ ಬೇರೆ. ಎಲೆ ಹರಿಯುವ ಮೊದಲು ಬಳ್ಳಿಗೆ ಯಾರ ರೋಗಕ್ಕೆ ಎಂದು ಹೆಸರು ಹೇಳಬೇಕು. ಹರಿದವನು ಎಲೆ ಇಡುವ ಮನೆಯ ಹೊಸ್ತಿಲು ದಾಟುವವರೆಗೆ ಬಾಯಿ ಬಿಡಬಾರದು.

"ನಲವತ್ತು ಮಂದಿ ಅದಾರ ಮುತ್ಯಾ," ಎಂದೆ.

"ನಲವತ್ತೂ ಹೇಳಬೇಕವ್ವ. ಇಲ್ಲಂದ್ರ ಅದಕ್ಕರ ಹೆಂಗ ತಿಳೀಬೇಕು ಯಾರ ಮನಿಗೆ ಹೋಗೋದಂತ?"

ಅವನಿಗೆ ಓದು ಬಾರದು. ಹಾಗಾಗಿ ನಾನೇ ರಿಜಿಸ್ಟರು ಬಿಚ್ಚಿ ಬಳ್ಳಿಯ ಮುಂದೆ ಕೂತು ಹೆಸರು ಓದಿದೆ. ಬೆಳಗಿನ ಹೊತ್ತು, ಗಾಳಿ ಇಲ್ಲ, ಒಂದು ಹಕ್ಕಿಯೂ ಇಲ್ಲ. ನಾನು ಒಂದು ಹೆಸರು ಓದಿದರೆ ಬಂಡೆಯ ಹಿಂದಿನಿಂದ ಯಾರೋ ಮೆಲ್ಲಗೆ ಅದೇ ಹೆಸರು ಹೇಳುತ್ತಿದ್ದರು. ಪ್ರತಿಧ್ವನಿ ಎಂಬುದನ್ನು ನಾನು ಓದಿ ತಿಳಿದಿದ್ದೆ. ಓದಿದ್ದು ಆ ಗುಡ್ಡದ ಮೇಲೆ ಕೆಲಸಕ್ಕೆ ಬರಲಿಲ್ಲ. ಇಪ್ಪತ್ತನೆಯ ಹೆಸರಿಗೆ ಬರುವಷ್ಟರಲ್ಲಿ ನನ್ನ ಓದು ಪಿಸುಮಾತಿಗೆ ಇಳಿದಿತ್ತು. ಕಾಯಿಲೆಯವರ ಹೆಸರನ್ನು ಯಾರಿಗೂ ಹೇಳಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ ಸಾಹೇಬರು ಪಕ್ಕದಲ್ಲೇ ನಿಂತು ಸುಮ್ಮನೆ ಬೆವರು ಒರೆಸಿಕೊಳ್ಳುತ್ತಿದ್ದರು.

ಇಳಿಯುವಾಗ ಸಾಹೇಬರು ಮಣ್ಣು ಎಂಥದ್ದು, ಬಳ್ಳಿಗೆ ಎಷ್ಟು ವರ್ಷ ಎಂದು ಕೇಳಿದ್ದೇ ಕೇಳಿದ್ದು. ಮುತ್ಯಾ ತುಟಿ ಬಿಚ್ಚಲಿಲ್ಲ. ನಡುನಡುವೆ ನಿಂತು, ಕಣ್ಣು ದೊಡ್ಡದು ಮಾಡಿ, ನಮ್ಮ ಹಿಂದೆ ಮೇಲಕ್ಕೆ ನೋಡುತ್ತಿದ್ದ. ಅವನು ಹಾಗೆ ನೋಡಿದಾಗಲೆಲ್ಲ ಸಾಹೇಬರು ನನ್ನ ಹತ್ತಿರಕ್ಕೆ ಸರಿಯುತ್ತಿದ್ದರು. ಬಸ್ಸಿನಲ್ಲೂ ಮುತ್ಯಾ ಹಾಗೇ, ಕಿಟಕಿಯಿಂದ ಗುಡ್ಡದ ಕಡೆಗೇ ದಿಟ್ಟಿ. ನಾನು ಹಿಂದೆ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಸುರಪುರಕ್ಕೆ ಬಂದು, ಪ್ರಯೋಗಶಾಲೆಯ ಹೊಸ್ತಿಲು ದಾಟಿ, ಎಲೆಯ ಗಂಟು ಕೆಳಗಿಟ್ಟು ಮುತ್ಯಾ ಉಸಿರು ಬಿಟ್ಟ.

"ಸಾಹೇಬ್ರ, ನಿಮ್ಮ ಚೀಲ ಅಲ್ಲೇ ಬಂಡೆಗಲ್ಲ ಮ್ಯಾಲ ಬಿಟ್ಟು ಬಂದೀರಿ. ಮಂಗ್ಯಾ ಬಂದು ಬಿಚ್ಚಾಕತ್ತಿತ್ತು."

ಆಯಿಗೆ ಹತ್ತಿದ ಚಳಿ

ಮೊದಲ ಸಲ ರಕ್ತ ತೆಗೆದು ಎಂಟು ದಿನವಾಗಿರಬೇಕು. ಹಳ್ಳಿಯಿಂದ ಒಬ್ಬ ಆಯಿ, ನಲವತ್ತು ಮಂದಿಯಲ್ಲಿ ಅವಳೇ ಹಿರಿಯಳು, ಬಸ್ಸು ಹತ್ತಿ ಬಂದು ಬಾಗಿಲಲ್ಲಿ ನಿಂತಳು.

"ತಂಗಿ, ನನ್ನ ರಕ್ತ ಎಲ್ಲಿಟ್ಟೀದಿ?"

"ಫ್ರಿಜ್ಜಿನಾಗ ಆಯಿ. ತಣ್ಣಗ ಇರಬೇಕದು."

"ಅದಕ್ಕ ಅಂತೀನಿ. ಅವತ್ತಿಂದ ನನಗ ಚಳಿ ಬಿಟ್ಟಿಲ್ಲ. ಬಿಸಲಾಗ ಕುಂತರೂ ನಡಗತೀನಿ."

ಒಳಗಿದ್ದ ಸಾಹೇಬರು ನಕ್ಕರು. ನಾನೂ ನಗಬೇಕೆಂದಿದ್ದೆ. ಅಷ್ಟರಲ್ಲಿ ಅವಳು, "ನಿನ್ನಿ ಮಧ್ಯಾಹ್ನ ಒಂದೀಟು ಬೇಷಿತ್ತು ನೋಡು. ಮೈ ಬೆಚ್ಚಗಾಗಿ ಬೆವರು ಬಂತು. ಹೊತ್ತು ಮುಳಗೋ ಮುಂದ ಮತ್ತ ಸುರು ಆತು," ಎಂದಳು.

ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಗಿ, ಸಂಜೆ ಬಂದಿತ್ತು.

ಸಾಹೇಬರ ನಗು ನಿಂತಿತು. "ಹಳ್ಳಿಯಲ್ಲೂ ಕರೆಂಟು ಹೋಗಿರುತ್ತೆ, ಇವರ ಮನೆ ಫ್ಯಾನು ನಿಂತಿರುತ್ತೆ, ಅಷ್ಟೇ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಯಿಯ ಮನೆ ನಾನು ನೋಡಿದ್ದೆ. ಅಲ್ಲಿ ಕರೆಂಟಿನ ತಂತಿಯೇ ಇರಲಿಲ್ಲ. ಅದನ್ನು ಸಾಹೇಬರಿಗೆ ಹೇಳಿದೆ. ಆಮೇಲೆ ಅವರು ಆ ಫ್ರಿಜ್ಜಿನ ಬಾಗಿಲನ್ನು ತಾವಾಗಿ ತೆಗೆದದ್ದನ್ನು ನಾನು ಕಾಣೆ. ಬೇಕಾದದ್ದೆಲ್ಲ ನನ್ನ ಕೈಲೇ ತೆಗೆಸುತ್ತಿದ್ದರು.

ಆಯಿ ಸೆರಗಿನಿಂದ ಹೊದೆಯುವ ಕೌದಿಯ ಒಂದು ತುಂಡು ತೆಗೆದಳು. "ಇದನ್ನ ಅದಕ್ಕ ಹೊಚ್ಚು. ಇಲ್ಲಂದ್ರ ಮುಂದಿನ ಸಲ ನಾ ಒಲ್ಲೆ."

ಒಲ್ಲೆ ಎಂಬ ಮಾತು ಕೇಳಿದ ಮೇಲೆ ನನಗೆ ಬೇರೆ ದಾರಿ ಇರಲಿಲ್ಲ. ಕೊಳವೆಗೆ ಕೌದಿ ಸುತ್ತಿ, ಅವಳಿಗೆ ತೋರಿಸಿ, ಬಾಗಿಲು ಹಾಕಿದೆ.

ಎರಡನೆಯ ಸಲ ಹಳ್ಳಿಗೆ ಹೋದಾಗ ಆಯಿಯೇ ಸಾಲಿನಲ್ಲಿ ಮೊದಲು ಕೂತಿದ್ದಳು. ಚಳಿ ಹೇಗಿದೆ ಎಂದು ಕೇಳಿದೆ.

"ಚಳಿ ಹೋತು ತಂಗಿ. ಆದ್ರ ನನ್ನ ಬಾಜೂಕ ಯಾರದು ಇಟ್ಟೀದಿ? ಮಲಗಾಕ ಬಿಡವಲ್ರು, ಒಂದ ಸವನ ಗೊರಕಿ ಹೊಡೀತಾರ."

ಬೆಳ್ಳಗಾದವನು

ಅದೇ ಎರಡನೆಯ ಸಲದ ಮಾತು. ನಮ್ಮ ಹತ್ತಿರ ರಕ್ತವನ್ನು ಗಿರಗಿರ ತಿರುಗಿಸುವ ಒಂದು ಯಂತ್ರವಿತ್ತು. ತಿರುಗಿದ ಮೇಲೆ ಕೆಂಪು ತಳಕ್ಕೆ ಕೂತು ಮೇಲೆ ತಿಳಿಯಾದ ಹಳದಿ ನೀರು ನಿಲ್ಲುತ್ತದೆ. ಅದನ್ನು ನೋಡಲು ಮಂದಿ ಸುತ್ತ ನೆರೆಯುತ್ತಿದ್ದರು.

ಒಬ್ಬ ಗಟ್ಟಿ ಆಳು, ಭತ್ತದ ಚೀಲ ಒಂದೇ ಕೈಲಿ ಎತ್ತುವವನು. ಅವನ ಕೊಳವೆ ಹೊರಬಂದಾಗ ಹಳದಿ ನೀರಿಲ್ಲ. ಮೇಲೆ ನಿಂತದ್ದು ಬೆಳ್ಳಗೆ, ಥೇಟ್ ಹಾಲು.

ಅವನ ಪಕ್ಕ ಕೂತಿದ್ದವರು ಎದ್ದು ದೂರ ಸರಿದರು. ಊರಿನ ಹಿರಿಯರೊಬ್ಬರು ಮುಂದೆ ಬಂದು, "ತಮ್ಮಾ, ಸ್ವಲ್ಪ ನಡದು ತೋರಸು," ಎಂದರು. ಅವನು ನಡೆದ. ಎಲ್ಲರೂ ಅವನ ಪಾದ ನೋಡಿದರು. ಪಾದಗಳು ಮುಂದಕ್ಕೇ ಇದ್ದವು, ಆದರೂ ಯಾರಿಗೂ ಪೂರ್ತಿ ಸಮಾಧಾನ ಇಲ್ಲ. ಅವನಿಗೂ ಇಲ್ಲ. ಬಗ್ಗಿ ತನ್ನ ಪಾದ ತಾನೇ ಇನ್ನೊಮ್ಮೆ ನೋಡಿಕೊಂಡ.

ಸಾಹೇಬರು, "ಬೆಳಿಗ್ಗೆ ಏನು ತಿಂದಿರಿ?" ಎಂದು ಕೇಳಿದರು.

"ಏನೂ ಇಲ್ರಿ, ಖಾಲಿ ಹೊಟ್ಟಿಲೆ ಬಾ ಅಂದಿದ್ರಲ್ರಿ."

ಅವನ ಹೆಂಡತಿ ಹಿಂದಿನಿಂದ, "ತುಪ್ಪ ಕುಡಿಸೀನ್ರಿ. ಒಂದು ತಂಬಿಗಿ ಹಾಲಾಗ ಹಾಕಿ," ಎಂದಳು. "ರಕ್ತ ಹೋಗೂದಕ್ಕ ಮೊದಲ ಒಳಗ ಭರ್ತಿ ಮಾಡಬೇಕಲ್ರಿ."

ಕೊಬ್ಬು ತಿಂದರೆ ಹೀಗೆ ಬೆಳ್ಳಗಾಗುತ್ತದೆ, ಹೆದರಬೇಡಿ ಎಂದು ಸಾಹೇಬರು ಎಲ್ಲರಿಗೂ ಬಿಡಿಸಿ ಹೇಳಿದರು. ಖಾಲಿ ಹೊಟ್ಟೆಯಲ್ಲಿ ನಾಳೆ ಇನ್ನೊಮ್ಮೆ ಕೊಡಬೇಕು ಎಂದೂ ಹೇಳಿದರು.

ಹೆಂಡತಿ ಗಂಡನ ತೋಳು ಹಿಡಿದಳು. "ಕೇಳಿದ್ರಿಲ್ಲೋ, ನಾಳೆನೂ ತಗೀತಾರಂತ. ನಡೀರಿ ಮನಿಗೆ, ಇನ್ನೊಂದು ತಂಬಿಗಿ ಕುಡೀರಿ."

ಹದಿನೇಳನೆಯ ನಂಬರು

ಮೂರನೆಯ ಸಲ, ಕಡೆಯ ಸಲ, ಚಳಿಗಾಲದ ಬೆಳಗು. ಕಾಲುವೆಯ ಮೇಲೆ ಮಂಜು ನಿಂತಿತ್ತು. ಹಳ್ಳಿಯ ಸಾಲಿಯ ಪಡಸಾಲೆಯಲ್ಲಿ ನಾನು ರಿಜಿಸ್ಟರು ಬಿಚ್ಚಿ ಕೂತೆ. ನಲವತ್ತು ಮುಖಗಳೂ ನನಗೆ ಬಾಯಿಪಾಠ ಎಂದು ಸಾಹೇಬರ ಮುಂದೆ ಹೇಳಿಕೊಂಡಿದ್ದೆ. ಆದರೆ ಅಂದು ಗಂಡಸರೆಲ್ಲ ಕಂಬಳಿ ಹೊದ್ದಿದ್ದರು, ಹೆಂಗಸರು ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದರು.

ಯಾಕೋ ಹಳ್ಳಿ ಮೊದಲಿನಂತಿರಲಿಲ್ಲ. ಹಿಂದಿನ ಸಲ ಎಷ್ಟು ಗದ್ದಲವಿತ್ತೋ ಈ ಸಲ ಅಷ್ಟೇ ಮೌನ. ನಾನು ಹೆಸರು ಕೂಗಿದರೆ ಮಂದಿ ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಹದಿನೇಳನೆಯ ನಂಬರು ಕೂಗಿದೆ. ತಡವಾಯಿತು. ಆಮೇಲೆ ಗೋಡೆಯ ಮೂಲೆಯಿಂದ ಒಬ್ಬ ಎದ್ದು ಬಂದ. ಕಂಬಳಿ ತಲೆಯ ಮೇಲಿಂದ, ಕಾಣುವುದು ಮೂಗಿನ ತುದಿ ಮಾತ್ರ. ತೋಳು ಚಾಚಿದ. ರಕ್ತ ತೆಗೆಯುವ ಸಿಸ್ಟರು ಸೂಜಿ ಹಿಡಿದವಳೇ ನನ್ನ ಕಡೆ ಬಗ್ಗಿ, "ಅಕ್ಕಾ, ಕೈ ಭಾಳ ತಣ್ಣಗದ," ಎಂದಳು.

"ಚಳಿಗಾಲ, ಎಲ್ಲಾರದೂ ತಣ್ಣಗ ಇರತದ," ಎಂದು ಹಾಜರಿ ಹಾಕಿದೆ.

ಅವನು ಚಹಾಕ್ಕೂ ನಿಲ್ಲಲಿಲ್ಲ. ಮಂಜಿನೊಳಗೆ ಕಾಲುವೆಯ ಕಡೆ ನಡೆದು ಹೋದ. ಹೋಗುವಾಗ ಹೆಂಗಸರು ಅವನಿಗೆ ದಾರಿ ಬಿಟ್ಟು ತಲೆ ತಗ್ಗಿಸಿದರು. ಅದೂ ನನಗೆ ಅರ್ಥವಾಗಲಿಲ್ಲ. ನಲವತ್ತಕ್ಕೆ ನಲವತ್ತು ಹಾಜರಿ, ಅಷ್ಟು ಸಾಕಾಗಿತ್ತು.

ಕೆಲವು ದಿನಗಳಲ್ಲಿ ಅಳತೆ ಮುಗಿಯಿತು. ಬಹಳ ಮಂದಿಗೆ ಅಷ್ಟಿಷ್ಟು ಇಳಿದಿತ್ತು, ಕೆಲವರಿಗೆ ಏನೂ ಇಲ್ಲ, ಇಬ್ಬರಿಗಂತೂ ಯಾಕೋ ಏರಿತ್ತು. ಹದಿನೇಳನೆಯವರದು ಮಾತ್ರ ಕಾಯಿಲೆಯೇ ಇಲ್ಲದವರ ಅಂಕಿಗೆ ಬಂದು ನಿಂತಿತ್ತು. ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. "ಇವರನ್ನು ನಾನು ಇವತ್ತೇ ನೋಡಬೇಕು. ಇವರ ಮೈಯಲ್ಲಿ ಈ ಎಲೆ ಏನು ಮಾಡಿದೆ ಅಂತ ತಿಳಿದರೆ ನಮ್ಮ ಕೆಲಸ ಗೆದ್ದ ಹಾಗೆ."

ಜೀಪಿನಲ್ಲಿ ಹೋದೆವು. ಮನೆಯ ಬಾಗಿಲಿಗೆ ಅವನ ಹೆಂಡತಿ ಬಂದಳು. ಹಣೆ ಬರಿದಾಗಿತ್ತು. ನಾನು ಅದನ್ನು ನೋಡಿದೆ, ಸಾಹೇಬರು ನೋಡಲಿಲ್ಲ.

"ಯಜಮಾನರು ಎಲ್ಲಿದ್ದಾರಮ್ಮ?"

ಆಕೆ ನನ್ನನ್ನು ನೋಡಿ, ಆಮೇಲೆ ಅವರನ್ನು ನೋಡಿ, "ಹೊಲದಾಗ ಅದಾರ್ರಿ," ಎಂದಳು.

"ಕರೆಸ್ತೀರಾ?"

"ಅವರು ಬರಾಂಗಿಲ್ರಿ. ನೀವ ಬರ್ರಿ."

ಕಾಲುವೆ ದಾಟಿದೆವು. ಭತ್ತದ ಕೊಯ್ಲಾದ ಗದ್ದೆಯ ಮೂಲೆಯಲ್ಲಿ, ಬೇವಿನ ಗಿಡದ ಬುಡಕ್ಕೆ, ಮಣ್ಣಿನ ಗುಡ್ಡೆ. ಮೇಲೊಂದು ಕಲ್ಲು, ಕಲ್ಲಿಗೆ ವಿಭೂತಿ. ಮಣ್ಣು ಹಳೆಯದಾಗಿತ್ತು, ಹುಲ್ಲು ಕೂಡ ಹುಟ್ಟಿತ್ತು. ಸಾಹೇಬರು ಅದರ ಆಚೆ ಈಚೆ ನೋಡಿದರು, ಮನುಷ್ಯ ಎಲ್ಲಾದರೂ ಕೆಲಸ ಮಾಡುತ್ತಿದ್ದಾನೋ ಎಂದು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹುಲ್ಲು ಇಷ್ಟು ಬೆಳೆಯಲು ಎರಡು ತಿಂಗಳಾದರೂ ಬೇಕು. ನಾನು ಹಾಜರಿ ಹಾಕಿ ಒಂದು ತಿಂಗಳೂ ಆಗಿರಲಿಲ್ಲ. ನನ್ನ ಕೈಯಲ್ಲಿದ್ದ ರಿಜಿಸ್ಟರು ಭಾರವಾಯಿತು.

"ಎರಡನೇ ಸಲ ರಕ್ತ ಕೊಟ್ಟ ಹದಿನೈದು ದಿನಕ್ಕ ಎದಿ ನೋವು ಬಂದು ಹೋದರ್ರಿ," ಎಂದಳು ಹೆಂಡತಿ.

ಗಿಡದ ಹಿಂದಿನಿಂದ ಕಂಬಳಿ ಹೊದ್ದ ಒಬ್ಬ ಎದ್ದು ಬಂದ. ಸಾಹೇಬರು ನನ್ನ ತೋಳು ಗಟ್ಟಿಯಾಗಿ ಹಿಡಿದರು. ಮೂಗಿನ ತುದಿ ಅದೇ. ಅವನು ಕಂಬಳಿ ಸರಿಸಿದ. ಸತ್ತವನ ತಮ್ಮ.

"ತಪ್ಪಾತ್ರಿ ಅಕ್ಕೋರ," ಎಂದ. "ಒಬ್ಬರು ತಪ್ಪಿದ್ರೂ ನಿಮ್ಮ ನೌಕ್ರಿ ಹೋಗ್ತದ ಅಂದಿದ್ರಲ್ಲ. ಊರೆಲ್ಲ ಕುಂತು ವಿಚಾರ ಮಾಡಿದ್ವಿ. ನಮ್ಮಂಗ ದುಡದು ಮ್ಯಾಲ ಬಂದಾಕಿ, ನಮ್ಮಿಂದ ಆಕಿ ಅನ್ನ ಹೋಗಬಾರದಂತ. ಅದಕ್ಕ ಅಣ್ಣನ ಬದಲಿ ನಾ ಬಂದೆ."

ನನಗೆ ಸಿಟ್ಟು ಬರಬೇಕಾಗಿತ್ತು, ಬಂದೂ ಬಂತು. "ನನ್ನ ರಿಜಿಸ್ಟರಿನಾಗ ಸುಳ್ಳು ಬರಸಿದ್ರಲ್ಲೋ. ಇಲ್ಲೀತನಾ ಅದರಾಗ ಒಂದು ಅಕ್ಷರ ಸುಳ್ಳಿರಲಿಲ್ಲ."

"ಪೂರಾ ಸುಳ್ಳಲ್ರಿ. ಅಣ್ಣನ ಪಾಲಿನ ಪುಡಿ ಉಳದಿತ್ತಲ್ರಿ, ಅದನ್ನೂ ನಾನ ತಿಂದೀನಿ. ಅದನ್ನ ತಿಂದು ಬೆಲ್ಲ ಬಾಯಾಗ ಹಾಕ್ಕೊಂಡ್ರ ಮಣ್ಣು ತಿಂದಂಗ ಆಗ್ತದ. ಆದರೂ ಬಿಡಲಿಲ್ರಿ."

ಸಾಹೇಬರು ಗದ್ದೆಯ ಬದುವಿನ ಮೇಲೆ ಕೂತರು. ಅವರ ಗೆದ್ದ ಕೆಲಸ ಆ ಕಲ್ಲಿನ ಕೆಳಗಿತ್ತು. ನನ್ನ ನೌಕರಿಯೂ ಅಲ್ಲೇ ಪಕ್ಕದಲ್ಲಿ ಮಲಗಿತು ಎಂದುಕೊಂಡೆ. ಕೇಳಿಯೇ ಬಿಡೋಣವೆಂದು, "ನಾಳೆಯಿಂದ ನಾ ಬರಬೇಕೋ ಬ್ಯಾಡೋ ಹೇಳ್ರಿ ಸಾಹೇಬ್ರ," ಎಂದೆ.

ಅವರು ತಲೆ ಎತ್ತಿದರು. "ಬರದೆ ಏನು ಮಾಡ್ತೀರಿ? ಬೇಜಾರಾಗಿ ಬಿಟ್ಟು ಹೋದರೆ ತೊಂದರೆ ಅಂದೆ ನಾನು. ಸತ್ತವರನ್ನು ಬಿಟ್ಟು ಲೆಕ್ಕ ಹಾಕೋದಕ್ಕೆ ನಿಯಮ ಇದೆ. ಒಬ್ಬರು ತೀರಿಕೊಂಡರು ಅಂತ ಬರೆದಿದ್ದರೆ ಮುಗಿದೇ ಹೋಗ್ತಿತ್ತು."

ಅಲ್ಲೇ ನಿಂತು ಹದಿನೇಳನೆಯ ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ, ತೀರಿಕೊಂಡರು ಎಂದು ಬರೆದು ಸಹಿ ಮಾಡಿದೆ. ಆಮೇಲೆ ರಿಜಿಸ್ಟರು ಮುಚ್ಚಿದೆ.

ತಮ್ಮ ಅತ್ತಿಗೆಯ ಮುಖ ನೋಡಿದ. ಇಬ್ಬರ ಮುಖದಲ್ಲೂ ದೊಡ್ಡ ಹೊರೆ ಇಳಿಸಿದ ಕಳೆ.

"ಸತ್ತರ ಅಕ್ಕೋರ ನೌಕ್ರಿಗೆ ಏನೂ ಧಕ್ಕಿ ಇಲ್ಲ ಅಂದಂಗಾತು ಸಾಹೇಬ್ರ?"

"ಏನೂ ಇಲ್ಲ."

"ಹಂಗಾದ್ರ ಅಕ್ಕೋರ, ರಿಜಿಸ್ಟರ್ ಮುಚ್ಚಬ್ಯಾಡ್ರಿ," ಎಂದ ಅವನು. "ಇನ್ನ ಇಬ್ಬರು ಅದಾರ."